ಬಾಕಿ ಪುಸ್ತಕ

ಸುವೈಕದ ಹಿಂದಿನ ಬೀದಿಯಲ್ಲಿ,
ಟಯರಿನ ಅಂಗಡಿಗೂ ಮಸೀದಿಗೂ ನಡುವೆ ನನ್ನ ಬಕಾಲ.
ಎರಡು ಫ್ರಿಜ್ಜು, ಒಂದು ತಕ್ಕಡಿ,
ಗಲ್ಲಾದ ಕೆಳಗೆ ಉದ್ದನೆಯ ಸಾಲದ ಪುಸ್ತಕ.
ಬರೆಯುವುದು ಕನ್ನಡದಲ್ಲೇ,
ಗಂಗೊಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿಗೆ ನಿಂತುಹೋದ ಅಕ್ಷರ.
ಪೂರ್ತಿ ಹೆಸರು ಯಾಕೆ, ಗುರುತು ಸಾಕು:
ನೀಲಿ ಗೇಟಿನ ಡ್ರೈವರ್, ಮೊಟ್ಟೆ ಆರು.
ಟೆರೇಸಿನ ಬಂಗಾಳಿಗಳು, ಐದು ಜನ, ಅಕ್ಕಿ, ಒಣಮೀನು.
ಮೌಜಾ ಅಜ್ಜಿ, ಹಾಲು. ನಡೆಯಲಾರಳು, ಬಾಗಿಲಿಗೇ ಕೊಡುವುದು.

ಒಣಗಿದ ಹೊಳೆಗೆ ಇಲ್ಲಿ ವಾದಿ ಅನ್ನುತ್ತಾರೆ.
ಬಂದ ಹೊಸತರಲ್ಲಿ ನಗು ಬಂದಿತ್ತು.
ನಮ್ಮಲ್ಲಿ ವಾದಿಯೆಂದರೆ ಕುಂದಾಪುರದ ಕೋರ್ಟಿನ ಮೆಟ್ಟಿಲಲ್ಲಿ
ಫೈಲು ತಬ್ಬಿಕೊಂಡು ಕೂತವನು.
ಹದಿನಾಲ್ಕು ವರ್ಷ ನೋಡಿದೆ:
ಬರೀ ಕಲ್ಲು, ಆಡಿನ ಹಿಕ್ಕೆ, ಶುಕ್ರವಾರದ ಕ್ರಿಕೆಟ್ಟು.
ಖಾಲಿ ಜಾಗವೆಂದು ಯಾರೋ ಗೋಡೆ ಎಬ್ಬಿಸಿದರು,
ಗೋಡೆಗಾನಿಸಿ ಇನ್ಯಾರೋ ಕೋಣೆ.
ವಾದಿ ಏನೂ ಅನ್ನಲಿಲ್ಲ.
ವಾಯಿದೆ ಮೇಲೆ ವಾಯಿದೆ ತೆಗೆದುಕೊಂಡು ಕೂತಿತ್ತು.

ವರ್ಷಕ್ಕೊಮ್ಮೆ ಸಮಿತಿಯ ಸಭೆ.
ಖರ್ಜೂರ, ಕಹವಾ, ಗೋಡೆಯ ಮೇಲೆ ನಕ್ಷೆ,
ಬಾಣದ ಗುರುತು ಹಾಕಿದ ರಸ್ತೆಗಳು.
ನಾನು ನೀರಿನ ಬಾಟಲಿ ಇಳಿಸಿ ಬರುತ್ತಿದ್ದೆ, ಅಷ್ಟೆ.

ಬಿರುಗಾಳಿ ಹತ್ತಿರವಾದ ಮಧ್ಯಾಹ್ನ
ರಹ್ಮಾ ಟೀಚರ್ ಅಂಗಡಿಗೆ ಬಂದಳು, ಕೈಯಲ್ಲಿ ಸರಕಾರದ ಪಟ್ಟಿ.
"ನಲವತ್ತೊಂದನೇ ಮನೆ, ಮಾಲೀಕ ಮಸ್ಕತ್ತಿನಲ್ಲಿ.
ಒಳಗೆ ಯಾರಿದ್ದಾರೆ, ಇದು ಹೇಳುವುದಿಲ್ಲ.
ನಿನ್ನ ಪುಸ್ತಕ ಹೇಳುತ್ತದೆ."
ಅವಳಿಗೆ ಗೊತ್ತು. ಅವಳದ್ದೂ ಒಂದು ಪುಟವಿದೆ ಅದರಲ್ಲಿ.

ಓದಲು ಬೇರೆ ಯಾರಿಗೂ ಬಾರದು,
ಹಾಗಾಗಿ ಲಾರಿಯಲ್ಲಿ ನನ್ನನ್ನೂ ಕೂರಿಸಿದರು.
ಟಾರ್ಚು ಹಲ್ಲಿನಲ್ಲಿ ಕಚ್ಚಿ ಪುಟ ತಿರುಗಿಸಿದೆ.
ಕಡಲಿನವನು ನಾನು, ಖಾರ್ವಿಯ ಮಗ,
ನೀರು ಎದುರಿನಿಂದ ಬರುತ್ತದೆಂದೇ ನಂಬಿದ್ದೆ.
ಬಂದದ್ದು ಬೆನ್ನಿನಿಂದ, ಗುಡ್ಡದಿಂದ,
ಡಿಗ್ರಿ ಕೈಗೆ ಸಿಕ್ಕ ವಾದಿ, ಜಾಗ ಬಿಡಿಸಿಕೊಳ್ಳಲು.

ದರ್ಜಿ ಗುಲ್‌ಜಮಾನ್ ಮಿಷನ್ನು ಬಿಟ್ಟು ಬರಲೊಲ್ಲ.
ಅಜ್ಜಿಯನ್ನು ಕುರ್ಚಿಯ ಸಮೇತ ಎತ್ತಿದೆವು,
ಹಾಲಿನ ಪಾತ್ರೆ ಮುಚ್ಚಿದಿರಾ ಎಂದಳು.
ನೀಲಿ ಗೇಟು ಬಡಿದರೆ ಒಳಗೆ ದೀಪ ಆರಿತು.
ಮೂರು ತಿಂಗಳ ಸಾಲವಿತ್ತು ಅವನದ್ದು,
ನನ್ನ ದನಿ ಗುರುತು ಹಿಡಿದಿದ್ದ.
"ದುಡ್ಡಿಗೆ ಬಂದದ್ದಲ್ಲ ಮಾರಾಯಾ, ನೀರು! ನೀರು!"
ಮೊಣಕಾಲುದ್ದ ನೀರಲ್ಲಿ ನಾಚಿಕೊಂಡು ಹೊರಬಂದ.

ಹೆಣ್ಣುಮಕ್ಕಳ ಶಾಲೆಯ ಮೇಲಿನ ಮಹಡಿ.
ಬೆಂಚು ಸರಿಸಿ ಮಲಗಿಸಿದವರ ನಡುವೆ
ರಹ್ಮಾ ಪೆನ್ನು ಹಿಡಿದು ಕೇಳಿದಳು: "ಬಾಕಿ?"
ಅವಳ ಮಾತಲ್ಲೂ ಅದೇ ಶಬ್ದ, ನನ್ನದರಲ್ಲೂ ಅದೇ.
ಅಷ್ಟು ವರ್ಷ ಆ ಮಾತಿಗೆ ರಿಯಾಲಿನಲ್ಲೇ ಉತ್ತರ ಕೊಟ್ಟವನು
ಪುಸ್ತಕ ಮುಚ್ಚಿ ಹೇಳಿದೆ:
ಬಾಕಿ ಯಾರೂ ಇಲ್ಲ.

ನಸುಕಿಗೆ, ಚಹಾ ಬಾಯಿಗಿಡುವಾಗ ನೆನಪಾಯಿತು.
ಖರ್ಜೂರದ ತೋಟದ ಪಂಪಿನ ಕೋಣೆಯವನು.
ಪ್ರತಿ ಗುರುವಾರ ಒಂದು ಬ್ರೆಡ್ಡು, ಒಂದು ಸೋಪು,
ಎಣಿಸಿ ಇಟ್ಟ ಚಿಲ್ಲರೆ.
ಯಾರ ಹಂಗೂ ಬೇಡವೆಂದು ಬದುಕಿದವನು.
ನಗದು ಕೊಟ್ಟವನಿಗೆ ನನ್ನ ಪುಸ್ತಕದಲ್ಲಿ ಮನೆಯಿಲ್ಲ.
ಹೋದೆವು. ಬಾಗಿಲು ತೆರೆದಿತ್ತು,
ಕಿಟಕಿಯ ಸರಳಿಗೆ ಒಂದು ಲುಂಗಿ, ಒಗೆದದ್ದು.
ಹೆಸರು ಹಿಡಿದು ಕೂಗಲು
ನಮ್ಮಲ್ಲಿ ಯಾರಿಗೂ ಅವನ ಹೆಸರು ಗೊತ್ತಿರಲಿಲ್ಲ.

ಈಗ ಗೋಡೆಯ ಮೇಲೆ ಕೆಸರಿನ ಗೆರೆ ಹಾಗೇ ಇದೆ,
ಬಣ್ಣ ಬಳಿಸಿಲ್ಲ.
ಸಕ್ಕರೆ ತೂಗುತ್ತಾ ಕೇಳುತ್ತೇನೆ:
ಯಾವ ಕೋಣೆ? ಎಷ್ಟು ಜನ? ಈಜು ಬರುತ್ತದಾ?
ನಗುತ್ತಾರೆ, ಕೆಲವರು ಸಿಟ್ಟಾಗುತ್ತಾರೆ.
ಪೂರಾ ದುಡ್ಡು ಎಣಿಸಿ ಕೊಡುವವನ ಕೈಗೆ
ಒಂದು ನಾಣ್ಯ ವಾಪಸು ಒತ್ತುತ್ತೇನೆ:
ಇಟ್ಟುಕೋ. ಹೆಸರು ಹೇಳು.
ಐದು ಬೈಸಾ ಆದರೂ ಬಾಕಿ ಇರಲಿ.